ಮುಚ್ಚಳದ ಮೇಲೂ ಕೆಂಡ: ಐರ್ಲೆಂಡಿನ ಮನೆಯೊಲೆಯ ಸೋಡಾ ಬ್ರೆಡ್

(ಉಪನ್ಯಾಸದ ಬರಹ ರೂಪ)

ಬ್ರೆಡ್ ಅಂದ ಕೂಡಲೇ ನಮಗೆ ನೆನಪಾಗುವುದು ಬೇಕರಿ, ಅದರ ಹಿಂಬದಿಯ ಭಟ್ಟಿ, ಯೀಸ್ಟ್ ಬೆರೆಸಿ ಉಬ್ಬಲು ಬಿಟ್ಟ ಹಿಟ್ಟು. ಐರ್ಲೆಂಡಿನ ಹಳ್ಳಿಮನೆಗಳಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ದಿನವೂ ಬೇಯುತ್ತಿದ್ದ ಬ್ರೆಡ್ಡಿಗೆ ಈ ಮೂರೂ ಬೇಕಿರಲಿಲ್ಲ. ಹಿಟ್ಟು, ಉಪ್ಪು, ಅಡುಗೆ ಸೋಡಾ, ಹುಳಿ ಮಜ್ಜಿಗೆ, ಒಂದು ಬೀಡಿನ (ಎರಕದ ಕಬ್ಬಿಣದ) ಪಾತ್ರೆ, ನೆಲಮಟ್ಟದಲ್ಲಿ ಉರಿಯುವ ಬೆಂಕಿ. ಇಷ್ಟಿದ್ದರೆ ಸಾಕಿತ್ತು. ಹಿಟ್ಟು ಕಲಸುವುದು ಐದು ನಿಮಿಷದ ಕೆಲಸ. ಆಮೇಲಿನ ಮುಕ್ಕಾಲು ಗಂಟೆಯೆಲ್ಲ ಕೆಂಡದ ಜೊತೆಗಿನ ವ್ಯವಹಾರ. ಅಡುಗೆ ಪುಸ್ತಕಗಳು ಆ ಐದು ನಿಮಿಷವನ್ನು ಪುಟಗಟ್ಟಲೆ ವಿವರಿಸಿ, ಮುಕ್ಕಾಲು ಗಂಟೆಯನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತವೆ. ಇಲ್ಲಿ ತೂಕ ಬೆಂಕಿಯ ಕಡೆಗೆ ಹೆಚ್ಚಿರುತ್ತದೆ. ಆ ದುಂಡು ಬ್ರೆಡ್ಡು ಹಾಗೇಕಿದೆ ಅನ್ನುವುದಕ್ಕೆ ಉತ್ತರ ಇರುವುದೂ ಒಲೆಯಲ್ಲೇ.

ಮೊದಲ ಪ್ರಶ್ನೆ: ಭಟ್ಟಿ ಯಾಕೆ ಇರಲಿಲ್ಲ? ಇಟ್ಟಿಗೆಯ ಭಟ್ಟಿ ಕಾಯಬೇಕಾದರೆ ಒಣ ಕಟ್ಟಿಗೆ ಧಗಧಗನೆ ಉರಿಯಬೇಕು. ಐರ್ಲೆಂಡಿನ ಕಾಡು ಶತಮಾನಗಳ ಕಾಲ ಕಡಿದು ಕಡಿದು ಮುಗಿದುಹೋಗಿತ್ತು. 20ನೆಯ ಶತಮಾನ ಶುರುವಾಗುವ ಹೊತ್ತಿಗೆ ನೆಲದಲ್ಲಿ ನೂರಕ್ಕೆ ಒಂದರಷ್ಟು ಭಾಗ ಮಾತ್ರ ಮರಗಾಡು ಉಳಿದಿತ್ತು. ಭಟ್ಟಿ ಕಟ್ಟಿಸಿಕೊಂಡವರು ಮಠಗಳು, ದೊಡ್ಡ ಜಮೀನ್ದಾರರ ಬಂಗಲೆಗಳು, ಪಟ್ಟಣದ ಬೇಕರಿಗಳು. ಉಳಿದ ಮನೆಗಳಿಗೆ ಇದ್ದದ್ದು ಜೌಗು ನೆಲದಿಂದ ಕತ್ತರಿಸಿ ತೆಗೆದ ಟರ್ಫ್.

ಟರ್ಫ್ ಎಂದರೆ ಸಾವಿರಾರು ವರ್ಷ ನೀರಲ್ಲಿ ಮುಳುಗಿ, ಪೂರ್ತಿ ಕೊಳೆಯದೆ ಒತ್ತಿಹೋದ ಪಾಚಿ, ಹುಲ್ಲು, ಬೇರು. ವಸಂತ ಕಳೆಯುವಾಗ ಅದನ್ನು 'ಸ್ಲಾನ್' ಎಂಬ, ಪಕ್ಕದಲ್ಲೊಂದು ರೆಕ್ಕೆಯಿರುವ ಸನಿಕೆಯಿಂದ ಇಟ್ಟಿಗೆಯಂತೆ ಕತ್ತರಿಸಿ ನೆಲದ ಮೇಲೆ ಹರಡುತ್ತಾರೆ. ತುಸು ಗಟ್ಟಿಯಾದ ಮೇಲೆ ನಾಲ್ಕೈದು ಹೆಂಟೆಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸಿ ಗಾಳಿಗೆ ಒಣಗಿಸುತ್ತಾರೆ. ಬೇಸಿಗೆ ಮುಗಿಯುವುದರೊಳಗೆ ಮನೆ ಸೇರಬೇಕು. ಮೇಲ್ಪದರದ ಕಂದು ಟರ್ಫ್ ಹಗುರ, ಬೇಗ ಹತ್ತಿಕೊಂಡು ಜ್ವಾಲೆ ಕೊಟ್ಟು ಬೇಗ ಬೂದಿಯಾಗುತ್ತದೆ. ಆಳದ ಕಪ್ಪು ಟರ್ಫ್ ಗಟ್ಟಿ, ತೂಕ ಜಾಸ್ತಿ. ಹತ್ತುವುದು ನಿಧಾನ, ಆದರೆ ಹತ್ತಿದ ಮೇಲೆ ಗಂಟೆಗಟ್ಟಲೆ ಕೆಂಪಗೆ ಕನಲುತ್ತಿರುತ್ತದೆ. ಬ್ರೆಡ್ಡಿಗೆ ಬೇಕಾದ್ದು ಇದೇ ಕಪ್ಪು ಟರ್ಫಿನ ಕೆಂಡ. ಐರಿಷ್ ಭಾಷೆಯಲ್ಲಿ ಈ ಬೂದಿಬೆರೆತ ಕೆಂಡಕ್ಕೆ 'ಗ್ರೀಸಾಖ್' ಎಂಬ ಬೇರೆಯದೇ ಹೆಸರಿದೆ. ಬಿಸಿಯ ಅಡುಗೆಯನ್ನು ಕೆಂಡದ ಮೇಲೆ ನಡೆಸುವ ಜನಕ್ಕೆ ಅಂಥ ಪದ ಬೇಕೇ ಬೇಕು.

ಒಲೆಗೆ ಕಬ್ಬಿಣದ ಜಾಲರಿಯಿಲ್ಲ. ಗೋಡೆಯ ಬುಡದಲ್ಲಿ, ಅಗಲವಾದ ಹೊಗೆಗೂಡಿನ ಕೆಳಗೆ, ಕಲ್ಲು ಹಾಸಿದ ನೆಲದ ಮೇಲೇ ಬೆಂಕಿ. ಪಕ್ಕದಲ್ಲಿ ಕ್ರೇನ್: ನೆಟ್ಟಗೆ ನಿಂತ ಕಬ್ಬಿಣದ ಕಂಬ, ಅದಕ್ಕೆ ಬಾಗಿಲಿನಂತೆ ತಿರುಗುವ ಅಡ್ಡತೋಳು. ತೋಳಿನಿಂದ ಕೊಕ್ಕೆಗಳು ಅಥವಾ ತೂತುಗಳ ಸಾಲಿರುವ ಪಟ್ಟಿ ನೇತಾಡುತ್ತವೆ. ಪಾತ್ರೆಯನ್ನು ಒಂದು ತೂತು ಮೇಲೆ ಸಿಕ್ಕಿಸಿದರೆ ಕಾವು ಕಡಿಮೆ, ಕೆಳಗೆ ಸಿಕ್ಕಿಸಿದರೆ ಜಾಸ್ತಿ, ತೋಳನ್ನೇ ಹೊರಕ್ಕೆ ಎಳೆದರೆ ಬೆಂಕಿಯಿಂದ ಬಿಡುಗಡೆ. ಈ ಕಾಲದ ಗ್ಯಾಸ್ ಒಲೆಯ ತಿರುಗಣೆ ಮಾಡುವ ಕೆಲಸವನ್ನು ಅಲ್ಲಿ ಕೊಕ್ಕೆ ಮಾಡುತ್ತಿತ್ತು.

ಇನ್ನು ಪಾತ್ರೆ. ದಕ್ಷಿಣದ ಕಾರ್ಕ್, ಕೆರಿ ಕಡೆ ಇದಕ್ಕೆ 'ಬ್ಯಾಸ್ಟಿಬಲ್' ಅನ್ನುತ್ತಾರೆ. ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಬಾರ್ನ್‌ಸ್ಟೇಪಲ್ ಊರಿನ ಹೆಸರೇ ನಾಲಿಗೆಯಲ್ಲಿ ಸವೆದು ಹೀಗಾಯಿತೆಂಬುದು ವಾಡಿಕೆಯ ವಿವರಣೆ. ಬೇರೆ ಕಡೆ ಬರೀ 'ಪಾಟ್ ಅವನ್'. ಬೀಡಿನ ಪಾತ್ರೆ, ತಳ ಚಪ್ಪಟೆ, ಬದಿ ನೆಟ್ಟಗೆ, ಕೆಳಗೆ ಮೂರು ಗಿಡ್ಡ ಕಾಲು. ನಾಲ್ಕು ಕಾಲಿನದು ಏರುಪೇರಾದ ನೆಲದಲ್ಲಿ ಅಲ್ಲಾಡುತ್ತದೆ, ಮೂರು ಕಾಲಿನದು ಎಲ್ಲಿಟ್ಟರೂ ಕೂರುತ್ತದೆ. ಎರಡು ಬದಿಗೆ ಕಿವಿಗಳು, ಅವುಗಳಿಗೆ ಸಿಕ್ಕಿಸಿ ತೆಗೆಯಬಹುದಾದ ಹಿಡಿಕೆ. ಎಲ್ಲಕ್ಕಿಂತ ಮುಖ್ಯವಾದದ್ದು ಮುಚ್ಚಳ: ಅದೂ ಬೀಡಿನದೇ, ಭಾರ, ಮೇಲೆ ಕೆಂಡ ನಿಲ್ಲುವಷ್ಟು ಸಪಾಟು. ಈ ಮುಚ್ಚಳ ಇಲ್ಲದಿದ್ದರೆ ಬ್ಯಾಸ್ಟಿಬಲ್ ಬರಿಯ ಬಾಣಲೆ. ತುಳುನಾಡಿನ ಕೆಂಡದಡ್ಯೆ ತಿಂದವರಿಗೆ ಇದರ ಮರ್ಮ ಬಿಡಿಸಿ ಹೇಳಬೇಕಿಲ್ಲ: ಕೆಳಗೂ ಕೆಂಡ, ಮೇಲೂ ಕೆಂಡ. ಎರಡು ನೆಲಗಳ ನಡುವೆ ಕೊಡುಕೊಳ್ಳುವಿಕೆ ಏನೂ ನಡೆದಿಲ್ಲ, ಭಟ್ಟಿ ಇಲ್ಲದ ಮನೆಗೆ ಹೊಳೆಯುವ ಉಪಾಯ ಒಂದೇ ಅಷ್ಟೆ.

ಸೋಡಾ ಈ ಅಡುಗೆಮನೆಗೆ ಬಂದದ್ದು ತಡವಾಗಿ. ಅದಕ್ಕೂ ಮುಂಚೆ ಮನೆಯ ಬ್ರೆಡ್ ಅಂದರೆ ಹೆಚ್ಚಾಗಿ ಓಟ್ಸ್ ಅಥವಾ ಬಾರ್ಲಿಯ ತೆಳು ರೊಟ್ಟಿ. ಉಬ್ಬಿಸಬೇಕೆಂದರೆ ಬಿಯರ್ ಭಟ್ಟಿಯ ನೊರೆಯೋ ಹುಳಿಸಿದ ಓಟ್ಸ್ ತಿಳಿಯೋ ಬೇಕಿತ್ತು. ಫ್ರಾನ್ಸಿನಲ್ಲಿ 1791ರಲ್ಲಿ ಪೇಟೆಂಟ್ ಆದ ಲೆಬ್ಲಾಂಕ್ ವಿಧಾನ ಉಪ್ಪಿನಿಂದ ಸೋಡಾ ತಯಾರಿಸುವ ದಾರಿ ತೋರಿದ ಮೇಲೆ ಕಾರ್ಖಾನೆಯ ಸೋಡಾ ಅಗ್ಗವಾಗುತ್ತಾ ಬಂತು. 1836ರಲ್ಲಿ ಕೌಂಟಿ ಡೌನ್‌ನ ನ್ಯೂರಿ ಊರಿನ 'ನ್ಯೂರಿ ಟೆಲಿಗ್ರಾಫ್' ಪತ್ರಿಕೆಗೆ ಒಬ್ಬರು ಬರೆದ ಸೋಡಾ ಬ್ರೆಡ್ ವಿಧಾನ ಲಂಡನ್ನಿನ ಕೃಷಿ ಪತ್ರಿಕೆಯಲ್ಲೂ ಮರುಮುದ್ರಣ ಕಂಡಿತು. ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಹೇಳಬೇಕಾದ್ದೆಲ್ಲ ಅದರಲ್ಲೇ ಇದೆ.

ಒಂದೂವರೆ ಪೌಂಡ್, ಅಂದರೆ ಸುಮಾರು 680 ಗ್ರಾಂ ಗೋಧಿ ಹಿಟ್ಟು. ಎರಡು ಟೀ ಚಮಚ ಪುಡಿಯುಪ್ಪು. ಒಂದು ದೊಡ್ಡ ಟೀ ಚಮಚ ಸೋಡಾ, ಅದನ್ನು ಅರ್ಧ ಟೀ ಕಪ್ ತಣ್ಣೀರಲ್ಲಿ ಕರಗಿಸಿ ಹಿಟ್ಟಿಗೆ ತಿಕ್ಕಬೇಕು. ಆಮೇಲೆ ಚೆನ್ನಾಗಿ ಹುಳಿಯಾದ ಮಜ್ಜಿಗೆ, ಹಿಟ್ಟು ಕೈಯಲ್ಲಿ ಹಿಡಿಯಲು ಆಗುವಷ್ಟೇ ಮೆತ್ತಗಾಗುವ ತನಕ. ಎಷ್ಟು ಮೆತ್ತಗೋ ಅಷ್ಟು ಒಳ್ಳೆಯದು. ಒಂದು ಇಂಚು ದಪ್ಪದ ಬಿಲ್ಲೆ ಮಾಡಿ, ಲೋಹದ ಮುಚ್ಚಳವಿರುವ ಚಪ್ಪಟೆ ಪಾತ್ರೆಗೆ ಹಾಕಿ, ಕೆಳಗೆ ಹದವಾದ ಕಾವಿನಲ್ಲಿ 20 ನಿಮಿಷ. ನಂತರ ಮುಚ್ಚಳದ ಮೇಲೆ ನಿಗಿನಿಗಿ ಕೆಂಡ ಇಟ್ಟು ಇನ್ನೂ ಅರ್ಧ ಗಂಟೆ. ಆ ಅರ್ಧ ಗಂಟೆಯ ಕೊನೆಯ 15 ನಿಮಿಷ ಕೆಳಗಿನ ಕಾವು ತಾನಾಗಿ ಇಳಿಯಲು ಬಿಡಬೇಕು. ನಡುನಡುವೆ ಮುಚ್ಚಳ ತೆಗೆದು ಸೀದಿದೆಯೇ ಎಂದು ನೋಡಬೇಕು. ಸುಮಾರು ಎರಡು ಶತಮಾನ ಹಳೆಯ ಈ ಬರಹದಲ್ಲಿ ಅರ್ಧದಷ್ಟು ಮಾತು ಬೆಂಕಿಯ ಕುರಿತೇ ಇದೆ. ಬರೆದವರು ಒಲೆಯ ಮುಂದೆ ಕೂತು ಬಲ್ಲವರು.

ಇನ್ನೊಂದನ್ನು ಗಮನಿಸಿ. 680 ಗ್ರಾಂ ಹಿಟ್ಟಿಗೆ ಒಂದೇ ಚಮಚ ಸೋಡಾ. ಈಗಿನ ಬಹುತೇಕ ವಿಧಾನಗಳು 450 ಗ್ರಾಂ ಹಿಟ್ಟಿಗೇ ಒಂದು ಚಮಚ ಹೇಳುತ್ತವೆ. ಲೆಕ್ಕ ಹಾಕೋಣ. ಹುಳಿ ಮಜ್ಜಿಗೆಯಲ್ಲಿ ಲ್ಯಾಕ್ಟಿಕ್ ಆಮ್ಲ ನೂರಕ್ಕೆ 0.8ರಷ್ಟಿದೆ ಎಂದುಕೊಂಡರೆ 400 ಮಿ.ಲೀ. ಮಜ್ಜಿಗೆಯಲ್ಲಿ 3.2 ಗ್ರಾಂ ಆಮ್ಲ. ಅದು ಸರಿಸುಮಾರು 3 ಗ್ರಾಂ ಸೋಡಾವನ್ನು ಪೂರ್ತಿ ಕರಗಿಸಿ ಅನಿಲವಾಗಿಸಬಲ್ಲದು. ಮಟ್ಟವಾದ ಒಂದು ಟೀ ಚಮಚದಲ್ಲಿ ಸುಮಾರು 5 ಗ್ರಾಂ ಇರುತ್ತದೆ. ಹೆಚ್ಚುವರಿಯಲ್ಲಿ ಸ್ವಲ್ಪವನ್ನು ಹಿಟ್ಟು ಮತ್ತು ಹಾಲಿನ ಬೇರೆ ಅಂಶಗಳು ಹೀರಿಕೊಳ್ಳುತ್ತವೆ, ಉಳಿದದ್ದು ಕಾವಿಗೆ ಒಡೆದು ವಾಷಿಂಗ್ ಸೋಡಾ ಆಗುತ್ತದೆ. ಆ ಉಳಿಕೆ ಸ್ವಲ್ಪವಾದರೆ ಮೇಲ್ಭಾಗಕ್ಕೆ ಚೆಂದದ ಕಂದು ಬಣ್ಣ, ಸೋಡಾ ಬ್ರೆಡ್ಡಿಗೇ ಮೀಸಲಾದ ಒಂದು ಎಳೆಯ ಒಗರು. ಜಾಸ್ತಿಯಾದರೆ ಬ್ರೆಡ್ಡಿನ ಒಡಲು ಹಳದಿ ತಿರುಗುತ್ತದೆ, ಬಾಯಿಗೆ ಸೋಪಿನ ರುಚಿ. ಹಾಗಾಗಿ ಚಮಚ ತುಂಬಿ ತುಳುಕಿಸಬೇಡಿ. ಬೆರಳಿಂದ ಸವರಿ ಮಟ್ಟ ಮಾಡಿ. ಕಡಿಮೆಯಾದರೆ ಬ್ರೆಡ್ ತುಸು ಗಟ್ಟಿಯಾಗಬಹುದು, ಹೆಚ್ಚಾದರೆ ತಿನ್ನಲಿಕ್ಕಾಗದು.

ಮಜ್ಜಿಗೆ ಅಂದರೆ ಅಲ್ಲಿ ಹುಳಿಬಂದ ಕೆನೆಯನ್ನೋ ಹಾಲನ್ನೋ ಕಡೆದು ಬೆಣ್ಣೆ ತೆಗೆದ ಮೇಲೆ ಉಳಿಯುವ ದ್ರವ. ವಾರಕ್ಕೊಮ್ಮೆಯೋ ಎರಡು ಸಲವೋ ಕಡೆಯುತ್ತಿದ್ದ ಮನೆಯಲ್ಲಿ ಅದು ಧಾರಾಳ, ದಿನ ಕಳೆದಷ್ಟೂ ಹುಳಿ ಏರುತ್ತಿತ್ತು. ಬೆಣ್ಣೆ ಮಾರಾಟಕ್ಕೆ, ಮಜ್ಜಿಗೆ ಮನೆಗೆ. ಸೋಡಾ ಅಷ್ಟು ಬೇಗ ಊರೂರಿಗೂ ಹರಡಿದ್ದಕ್ಕೆ ಇದೇ ಕಾರಣ: ಅದಕ್ಕೆ ಬೇಕಾದ ಹುಳಿ ಆಗಲೇ ಪ್ರತಿ ಮನೆಯ ಮೂಲೆಯಲ್ಲಿ ಕಾದು ಕೂತಿತ್ತು. ಚಳಿಗಾಲದಲ್ಲಿ ಹಸು ಬತ್ತಿ ಹುಳಿ ಮಜ್ಜಿಗೆ ಸಿಗದಾಗ ಸಿಹಿ ಹಾಲಿಗೆ ಸೋಡಾದ ಎರಡು ಪಟ್ಟು ಕ್ರೀಮ್ ಆಫ್ ಟಾರ್ಟರ್ ಎಂಬ ಹುಳಿ ಪುಡಿ ಬೆರೆಸಿ ಹುಳಿಯ ಕೊರತೆ ತುಂಬುತ್ತಿದ್ದರು.

ಗೋಧಿಯದೂ ಹೊಂದಾಣಿಕೆಯೇ. ಐರ್ಲೆಂಡಿನ ಒದ್ದೆ, ತಂಪು ಹವೆಯಲ್ಲಿ ಬೆಳೆಯುವ ಗೋಧಿ ಮೆದು ಜಾತಿಯದು, ಅದರಲ್ಲಿ ಪ್ರೋಟೀನ್ ಕಡಿಮೆ, ಹಿಟ್ಟಿಗೆ ಅಂಟು ಕೊಡುವ ಗ್ಲೂಟೆನ್ ಜಾಲದ ಬಲ ಸಾಲದು. ಯೀಸ್ಟು ಗಂಟೆಗಟ್ಟಲೆ ಊದಿದರೆ ಇದರ ಜಾಲ ಹಿಡಿದು ನಿಲ್ಲದೆ ಕುಸಿಯುತ್ತದೆ. ಸೋಡಾ ಒಂದೇ ಉಸಿರಿಗೆ ಅನಿಲ ಬಿಡುತ್ತದೆ, ಕಾವು ತಕ್ಷಣ ಅದನ್ನು ಹೆಪ್ಪುಗಟ್ಟಿಸುತ್ತದೆ. ಬಲವಾದ ಜಾಲದ ಅಗತ್ಯವೇ ಇಲ್ಲ. ಬೇಕರಿಯ ದೃಷ್ಟಿಯಲ್ಲಿ ಎರಡನೆಯ ದರ್ಜೆಯದೆನಿಸಿದ ಹಿಟ್ಟು ಇಲ್ಲಿ ಮೊದಲನೆಯದು.

ಈಗ ಕೆಲಸ ಶುರು ಮಾಡೋಣ. ಹಿಟ್ಟು ಮುಟ್ಟುವ ಮೊದಲು ಬೆಂಕಿ. ಕನಿಷ್ಠ ಒಂದು ಗಂಟೆ ಮುಂಚೆ ಕಪ್ಪು ಟರ್ಫ್ ಒಟ್ಟಿ, ಹೊಗೆ ಪೂರ್ತಿ ನಿಂತು ಹೆಂಟೆಗಳು ಒಳಗಿನವರೆಗೆ ಕೆಂಪಾಗುವ ತನಕ ಕಾಯಬೇಕು. ಅರ್ಧ ಒಣಗಿದ ಟರ್ಫ್ ಹಾಕಿದರೆ ಹೊಗೆ ಮುಚ್ಚಳದ ಸಂದಿಯಿಂದ ಒಳನುಗ್ಗಿ ಬ್ರೆಡ್ಡಿನ ಮೇಲೆ ಕಹಿಯಾಗಿ ಕೂರುತ್ತದೆ. ಟರ್ಫಿನ ಹೊಗೆಯ ಕಂಪಿನ ಬಗ್ಗೆ ಪ್ರವಾಸಿಗರು ಕವಿತೆಯಂತೆ ಮಾತಾಡುತ್ತಾರೆ, ಆದರೆ ಒಳ್ಳೆಯ ಕೇಕಿನಲ್ಲಿ ಆ ವಾಸನೆ ಇರುವುದೇ ಇಲ್ಲ. ಅಂದ ಹಾಗೆ, ಅಲ್ಲಿನ ಹಳ್ಳಿಮಾತಿನಲ್ಲಿ ಈ ದುಂಡು ಬ್ರೆಡ್ಡಿಗೆ 'ಕೇಕ್' ಎಂದೇ ಹೆಸರು, ಸಕ್ಕರೆ ಇಲ್ಲದಿದ್ದರೂ.

ಕೆಂಡ ಸಿದ್ಧವಾಗುವಾಗ ಖಾಲಿ ಬ್ಯಾಸ್ಟಿಬಲನ್ನು ಕ್ರೇನಿಗೆ ನೇತುಹಾಕಿ ಕಾಯಿಸಬೇಕು. ಮುಚ್ಚಳವನ್ನು ಬೇರೆಯಾಗಿ, ಕೆಂಡಕ್ಕೆ ಒರಗಿಸಿ ಕಾಯಿಸಬೇಕು. ಇದನ್ನು ಮರೆತವರೇ ಹೆಚ್ಚು. ತಣ್ಣನೆಯ ಮುಚ್ಚಳ ಹಾಕಿದರೆ ಮೇಲಿಟ್ಟ ಕೆಂಡದ ಮೊದಲ ಹತ್ತು ನಿಮಿಷದ ಕಾವೆಲ್ಲ ಬೀಡನ್ನು ಬಿಸಿ ಮಾಡುವುದರಲ್ಲೇ ಖರ್ಚಾಗುತ್ತದೆ, ಅಷ್ಟರಲ್ಲಿ ಕೆಳಗೆ ತಳ ಕಪ್ಪಾಗಿರುತ್ತದೆ. ಹದ ನೋಡುವುದು ಹಿಟ್ಟಿನಿಂದ: ಚಿಟಿಕೆ ಹಿಟ್ಟನ್ನು ಪಾತ್ರೆಯ ತಳಕ್ಕೆ ಉದುರಿಸಿ. ಕೂಡಲೇ ಕಪ್ಪಾಗಿ ಹೊಗೆಯಾಡಿದರೆ ಕಾವು ಜಾಸ್ತಿ, ಒಂದು ತೂತು ಮೇಲಕ್ಕೆ ಏರಿಸಿ. ಒಂದೆರಡು ನಿಮಿಷವಾದರೂ ಬಿಳಿಯಾಗೇ ಇದ್ದರೆ ಸಾಲದು. ಒಂದು ನಿಮಿಷದ ಆಚೀಚೆ ತಿಳಿ ಕಂದು ಬಣ್ಣಕ್ಕೆ ತಿರುಗಿದರೆ ಸರಿ. ಹಳೆಯ ಹಿಟ್ಟನ್ನು ಬಾತಿನ ರೆಕ್ಕೆಯಿಂದ ಗುಡಿಸಿ ಹೊಸ ಹಿಟ್ಟು ಉದುರಿಸುತ್ತಿದ್ದರು. ಆ ರೆಕ್ಕೆ ಒಲೆಯ ಪಕ್ಕದಲ್ಲೇ ನೇತಾಡುತ್ತಿತ್ತು, ಬೂದಿ ಗುಡಿಸಲೂ ಅದೇ.

ಪಾತ್ರೆ ಕಾದ ಮೇಲೆ ಮಾತ್ರ ಹಿಟ್ಟಿಗೆ ಮಜ್ಜಿಗೆ ಹಾಕಬೇಕು, ಮುಂಚೆ ಅಲ್ಲ. 450 ಗ್ರಾಂ ಹಿಟ್ಟು: ಬಿಳಿ ಕೇಕಿಗೆ ಮೈದಾದಂಥದು, ಕಂದು ಕೇಕಿಗೆ ಅರ್ಧಕ್ಕರ್ಧ ತರಿಯಾದ ಇಡಿಗೋಧಿ ಹಿಟ್ಟು. ಒಂದು ಮಟ್ಟ ಟೀ ಚಮಚ ಉಪ್ಪು. ಮುಕ್ಕಾಲರಿಂದ ಒಂದು ಮಟ್ಟ ಚಮಚ ಸೋಡಾ. ಅದನ್ನು ಅಂಗೈಯಲ್ಲಿ ಹೆಬ್ಬೆರಳಿಂದ ತಿಕ್ಕಿ ಗಂಟು ಒಡೆದು, ಜರಡಿ ಹಿಡಿದು ಹಾಕಬೇಕು. ಬಿಡಿಸದೆ ಉಳಿದ ಒಂದು ಗಂಟು ಬೆಂದ ಬ್ರೆಡ್ಡಿನಲ್ಲಿ ಕಂದು ಚುಕ್ಕೆಯಾಗಿ ಕಾಣಿಸುತ್ತದೆ, ಅದು ಬಾಯಿಗೆ ಸಿಕ್ಕಿದವರು ಮತ್ತೊಂದು ತುಂಡು ಕೇಳುವುದಿಲ್ಲ. 1836ರ ಬರಹಗಾರರು ಸೋಡಾವನ್ನು ನೀರಲ್ಲಿ ಕರಗಿಸಿದ್ದು ಈ ಕಾಟ ತಪ್ಪಿಸಲೆಂದೇ. ಒಣ ಹಿಟ್ಟನ್ನು ಬೆರಳು ಬಿಡಿಸಿಕೊಂಡು ಎತ್ತಿ ಎತ್ತಿ ಬಿಟ್ಟು ಗಾಳಿಯಾಡಿಸಿ, ನಡುವೆ ಗುಳಿ ಮಾಡಿ, 350 ಮಿ.ಲೀ. ಮಜ್ಜಿಗೆಯನ್ನು ಒಂದೇ ಸಲ ಸುರಿಯಿರಿ. ಇನ್ನೂ 50 ಮಿ.ಲೀ. ಕೈಯಳತೆಯಲ್ಲಿರಲಿ, ಇಡಿಗೋಧಿ ಹೆಚ್ಚು ಕುಡಿಯುತ್ತದೆ. ಕೈಯನ್ನು ಪಂಜದಂತೆ ಬಿಗಿಯಾಗಿ ಚಾಚಿ, ನಡುವಿನಿಂದ ಅಂಚಿಗೆ ಸುತ್ತು ಹಾಕುತ್ತಾ ಬೆರೆಸಿ. ಹತ್ತು ಹನ್ನೆರಡು ಸುತ್ತಿಗೆ ಹಿಟ್ಟು ಕೂಡಿಕೊಳ್ಳಬೇಕು. ನಾದಬೇಡಿ. ಹೋಳಿಗೆ ಕಣಕ ನಾದಿ ಪಳಗಿದ ಕೈಗೆ ಇದು ಕಷ್ಟ, ಒಳಗಿನಿಂದ ನಾದು ನಾದು ಅನ್ನಿಸುತ್ತಿರುತ್ತದೆ. ನಾದಿದಷ್ಟೂ ಗ್ಲೂಟೆನ್ ಬಿಗಿದು ಬ್ರೆಡ್ ರಬ್ಬರಾಗುತ್ತದೆ, ಜೊತೆಗೆ ಆಗತಾನೇ ಹುಟ್ಟಿದ ಅನಿಲವೂ ಹೊರಟುಹೋಗುತ್ತದೆ.

ಇಲ್ಲಿಂದ ಗಡಿಯಾರ ಓಡತೊಡಗುತ್ತದೆ. ಸೋಡಾ ಮತ್ತು ಹುಳಿ ಸೇರಿದ ಗಳಿಗೆಯಿಂದ ಗುಳ್ಳೆ ಏಳುತ್ತದೆ, ಅದು ಯಾರಿಗೂ ಕಾಯುವುದಿಲ್ಲ. ಹಿಟ್ಟು ಕಲಸಿಟ್ಟು ಬೆಂಕಿ ಸರಿಮಾಡಲು ಹೋದರೆ, ತಿರುಗಿ ಬರುವಷ್ಟರಲ್ಲಿ ಉಸಿರೆಲ್ಲ ಹೋಗಿ ಬರಿಯ ಮುದ್ದೆ ಉಳಿದಿರುತ್ತದೆ. ಹಿಟ್ಟುದುರಿಸಿದ ಮರಿಗೆಯ ಮೇಲೆ ಉರುಳಿಸಿ, ಅಂಚು ಒಳಕ್ಕೆ ಮಡಚಿ, ತಿರುವಿಹಾಕಿ, ಅಂಗೈಯಿಂದ ತಟ್ಟಿ ಎರಡು ಇಂಚು ದಪ್ಪದ ಬಿಲ್ಲೆ ಮಾಡಿ. ಆರಂಭಿಕರು ಒಂದೂವರೆ ಇಂಚಿಗೇ ನಿಲ್ಲಿಸುವುದು ಕ್ಷೇಮ. ಚಾಕುವಿನಿಂದ ಮೇಲೆ ಆಳವಾಗಿ ಅಡ್ಡ ಉದ್ದ ಎರಡು ಗೀರು. ಈ ಶಿಲುಬೆ ಗುರುತಿಗೆ ಆಶೀರ್ವಾದವೆಂದೂ, ಒಳಗಿನ ಯಕ್ಷಿಣಿಯರನ್ನು ಹೊರಬಿಡಲು ಎಂದೂ ಹೇಳುವುದುಂಟು. ಒಲೆಯ ಲೆಕ್ಕದಲ್ಲಿ ಅದರ ಕೆಲಸ ಬೇರೆ: ಬೇಯಲು ತಡವಾಗುವ ನಡುಭಾಗಕ್ಕೆ ಕಾವು ಇಳಿಯುತ್ತದೆ, ಉಬ್ಬುವಾಗ ಎಲ್ಲೆಂದರಲ್ಲಿ ಒಡೆಯುವ ಬದಲು ಗೀರಿನುದ್ದಕ್ಕೆ ಬಿರಿಯುತ್ತದೆ, ಬೆಂದ ಮೇಲೆ ಕೈಯಿಂದಲೇ ನಾಲ್ಕು ಪಾಲು ಮುರಿಯಬಹುದು. ಗೀರು ಮೇಲ್ಮೇಲೆ ಹಾಕಿದರೆ ಮೂರೂ ಆಗುವುದಿಲ್ಲ.

ಬಿಲ್ಲೆಯನ್ನು ಎರಡೂ ಕೈಯಲ್ಲಿ ಎತ್ತಿ ಪಾತ್ರೆಗೆ ಇಳಿಸಿ, ಕಾದ ಮುಚ್ಚಳ ಮುಚ್ಚಿ, ಚಿಮಟದಿಂದ ಕೆಂಡ ಎತ್ತಿ ಮುಚ್ಚಳದ ಮೇಲೆ ಇಡಬೇಕು: ಅಂಚಿನ ಸುತ್ತ ಒತ್ತಾಗಿ, ನಡುವೆ ವಿರಳವಾಗಿ. ನಡುವೆ ರಾಶಿ ಹಾಕಿದರೆ ಕೇಕಿನ ನೆತ್ತಿ ಸೀದು ಅಂಚು ಬಿಳಿಚಿಕೊಳ್ಳುತ್ತದೆ. ಹಿಟ್ಟಿನಿಂದ ಎದ್ದ ಹಬೆ ಭಾರದ ಮುಚ್ಚಳದ ಕೆಳಗೆ ಸಿಕ್ಕಿಕೊಳ್ಳುತ್ತದೆ. ಮೊದಲ ಹತ್ತು ಹದಿನೈದು ನಿಮಿಷ ಆ ಹಬೆ ಮೇಲ್ಪದರವನ್ನು ಒದ್ದೆಯಾಗಿಡುವುದರಿಂದಲೇ ಬ್ರೆಡ್ ಪೂರ್ತಿ ಉಬ್ಬಲು ಸಾಧ್ಯ. ಅಷ್ಟು ಹೊತ್ತು ಇಣುಕುವ ಚಪಲ ಬೇಡ.

ಇಲ್ಲಿಂದ ಮುಂದೆ ಕಲಿಯಬೇಕಾದ್ದು ಒಂದೇ: ಮೇಲೆ ಕಾವು ಉಳಿಸಿಕೊಳ್ಳುವುದು, ಕೆಳಗೆ ಇಳಿಸುತ್ತಾ ಬರುವುದು. ಕೆಳಗಿನ ಬೆಂಕಿ ದೊಡ್ಡದು, ಹಿಂದೆ ಇಡೀ ಒಲೆ ನಿಂತಿದೆ. ಬೇಡವೆಂದರೂ ಉರಿಯುತ್ತಲೇ ಇರುತ್ತದೆ. ಮುಚ್ಚಳದ ಮೇಲಿನ ನಾಲ್ಕಾರು ಕೆಂಡ ಒಂಟಿ. ಕಾಲು ಗಂಟೆಯಲ್ಲಿ ಅದರ ಮೇಲೆ ಬೂದಿ ಕವಿಯುತ್ತದೆ. ನೋಡುವವರಿಗೆ ಕೆಂಡ ಇನ್ನೂ ಇದೆ ಅನ್ನಿಸುತ್ತದೆ, ಆದರೆ ಬೂದಿ ಕಂಬಳಿಯಂತೆ ಹೊದ್ದುಕೊಂಡು ಕಾವು ಕೆಳಗೆ ಇಳಿಯುತ್ತಲೇ ಇಲ್ಲ. ಹಾಗಾಗಿ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಹಳೆಯದನ್ನು ಗುಡಿಸಿ ಹೊಸ ಕೆಂಡ ಇಡಬೇಕು. ಅದೇ ಹೊತ್ತಿಗೆ ಪಾತ್ರೆಯನ್ನು ಒಂದು ತೂತು ಮೇಲಕ್ಕೆ ಏರಿಸಬೇಕು, ಅಥವಾ ಕಾಲಿನ ಮೇಲೆ ಕೂರಿಸಿದ್ದರೆ ಅಡಿಯ ಕೆಂಡವನ್ನು ಪಕ್ಕಕ್ಕೆ ಎಳೆಯಬೇಕು. ಹೊಸಬರ ಕೈಯಲ್ಲಿ ಕೆಡುವ ಹತ್ತು ಕೇಕಿನಲ್ಲಿ ಎಂಟು ಕೆಡುವುದು ಹೀಗೇ: ತಳ ಇದ್ದಿಲು, ನೆತ್ತಿ ಬಿಳಿ, ನಡುವೆ ಹಸಿ ಹಿಟ್ಟು. ಆಗ ತಪ್ಪು ಅಳತೆಯಲ್ಲಿದೆಯೆಂದು ಹಿಟ್ಟನ್ನೋ ಮಜ್ಜಿಗೆಯನ್ನೋ ಬದಲಿಸುತ್ತಾರೆ. ಕೊಕ್ಕೆ ಬದಲಿಸಿದ್ದರೆ ಸಾಕಿತ್ತು.

ಬಿಳಿ ಕೇಕಿಗೆ 40ರಿಂದ 45 ನಿಮಿಷ, ಕಂದಿನದಕ್ಕೆ 50 ನಿಮಿಷದ ಹತ್ತಿರ. ಮುಚ್ಚಳ ತೆಗೆಯುವ ಮುಂಚೆ ಬೂದಿಯನ್ನು ರೆಕ್ಕೆಯಿಂದ ಪೂರ್ತಿ ಗುಡಿಸಿ, ಕೊಕ್ಕೆಯಿಂದ ನೆಟ್ಟಗೆ ಮೇಲಕ್ಕೆತ್ತಿ. ಸ್ವಲ್ಪ ವಾಲಿದರೂ ಬೂದಿ ಬ್ರೆಡ್ಡಿನ ಗೀರಿನೊಳಗೆ ಸೇರುತ್ತದೆ. ಬೀಡಿನ ಮುಚ್ಚಳ, ಮೇಲೆ ಕೆಂಡ, ನೆಲಮಟ್ಟದ ಒಲೆ: ಇದನ್ನು ದಿನಕ್ಕೆ ಒಂದೆರಡು ಸಲ ಬಾಗಿ ಎತ್ತುತ್ತಿದ್ದ ಹೆಂಗಸರ ಸೊಂಟದ ಗತಿ ಏನಾಗಿರಬೇಕು! ಬ್ರೆಡ್ಡನ್ನು ಹೊರತೆಗೆದು ತಲೆಕೆಳಗಾಗಿ ಹಿಡಿದು ಬೆರಳ ಗೆಣ್ಣಿನಿಂದ ತಳಕ್ಕೆ ತಟ್ಟಿ. ಖಾಲಿ ಡಬ್ಬಿಯ ಹಾಗೆ ಟೊಳ್ಳು ಸದ್ದು ಬಂದರೆ ಬೆಂದಿದೆ. ಮಂದವಾದ ಸದ್ದಾದರೆ ಮಗುಚಿ ಪಾತ್ರೆಗೆ ಹಾಕಿ ಇನ್ನೈದು ನಿಮಿಷ. ಬೆಂದದ್ದನ್ನು ತೆಳು ಬಟ್ಟೆಯಲ್ಲಿ ಸುತ್ತಿ, ಅಂಚಿನ ಮೇಲೆ ನಿಲ್ಲಿಸಿ ಕಿಟಕಿಯಲ್ಲಿ ಆರಲು ಬಿಡುತ್ತಿದ್ದರು. ಬಟ್ಟೆ ಸುತ್ತಿದರೆ ಹೊರಪದರ ಮೆದು, ಸುತ್ತದಿದ್ದರೆ ಗರಿಗರಿ. ಬಿಸಿಯಲ್ಲೇ ಕತ್ತರಿಸಿದರೆ ಒಳಗು ಚಾಕುವಿಗೆ ಅಂಟುತ್ತದೆ. ಅವತ್ತಿನ ಬ್ರೆಡ್ ಅವತ್ತೇ ಚೆನ್ನ. ಮರುದಿನ ಒಣಗುತ್ತದೆ, ಅದಕ್ಕೇ ದಿನವೂ ಸುಡುತ್ತಿದ್ದರು. ಒಣದ್ರಾಕ್ಷಿ, ಸಕ್ಕರೆ, ಮೊಟ್ಟೆ ಬೀಳುತ್ತಿದ್ದುದು ಹಬ್ಬಕ್ಕೋ ಸುಗ್ಗಿಯ ಆಳುಗಳಿಗೋ. ಅಂಥದ್ದಕ್ಕೆ 'ಸ್ಪಾಟೆಡ್ ಡಾಗ್' ಎಂಬ ತಮಾಷೆಯ ಹೆಸರಿದೆ, ಚುಕ್ಕೆ ನಾಯಿ.

ಉತ್ತರದ ಅಲ್ಸ್ಟರ್ ಕಡೆಗೆ ಹೋದರೆ ಪಾತ್ರೆ ಬದಲಾಗುತ್ತದೆ, ಬ್ರೆಡ್ಡಿನ ಆಕಾರವೂ. ಅಲ್ಲಿ ಪ್ರಧಾನ ಗ್ರಿಡಲ್: ನಮ್ಮ ದೋಸೆ ಹೆಂಚಿಗಿಂತ ದಪ್ಪದ, ದುಂಡು ಕಬ್ಬಿಣದ ಹೆಂಚು, ಮೇಲೆ ಕಮಾನಿನಂಥ ಹಿಡಿಕೆ, ಕ್ರೇನಿಗೆ ನೇತುಹಾಕಲು. ಮೇಲಿನಿಂದ ಕಾವು ಇಲ್ಲದ್ದರಿಂದ ಬಿಲ್ಲೆ ತೆಳುವಾಗಿರಬೇಕು. 250 ಗ್ರಾಂ ಹಿಟ್ಟು, ಅರ್ಧ ಚಮಚ ಉಪ್ಪು, ಅರ್ಧ ಚಮಚ ಸೋಡಾ, 200 ಮಿ.ಲೀ. ಮಜ್ಜಿಗೆ. ಒಂದೂವರೆಯಿಂದ ಎರಡು ಸೆಂ.ಮೀ. ದಪ್ಪಕ್ಕೆ ತಟ್ಟಿ ಪೂರ್ತಿ ನಾಲ್ಕು ಹೋಳು ಮಾಡಿ. ಒಂದೊಂದು ಹೋಳು 'ಫಾರ್ಲ್', ಕಾಲು ಭಾಗ ಎಂಬರ್ಥದ ಹಳೆಯ ಪದದಿಂದ ಬಂದದ್ದು. ಎಣ್ಣೆ ಹಾಕಬಾರದು, ಬರೀ ಹಿಟ್ಟುದುರಿಸಿದ ಹೆಂಚು. ಒಂದು ಬದಿ ಏಳೆಂಟು ನಿಮಿಷ, ಮಗುಚಿ ಇನ್ನೊಂದು ಬದಿ ಅಷ್ಟೇ. ಆಮೇಲೆ ಹೋಳುಗಳನ್ನು ಅಂಚಿನ ಮೇಲೆ ಒಂದಕ್ಕೊಂದು ಒರಗಿಸಿ ನಿಲ್ಲಿಸಿ, ಕತ್ತರಿಸಿದ ಬದಿಗಳ ಹಸಿ ಹೋಗುವ ತನಕ ಒಣಗಿಸಬೇಕು. ಇದಕ್ಕೆ 'ಹಾರ್ನಿಂಗ್' ಅನ್ನುತ್ತಾರೆ. ಈ ಹೆಜ್ಜೆ ಬಿಟ್ಟ ಫಾರ್ಲಿನ ಅಂಚು ಹಸಿ ಹಿಟ್ಟಿನಂತೆ ಅಂಟುತ್ತದೆ.

ಅದೇ ಹೆಂಚಿನ ಮೇಲೆ ಆಲೂಗಡ್ಡೆ ಬ್ರೆಡ್: ಬೆಂದ ಆಲೂ 450 ಗ್ರಾಂ, ಬಿಸಿಯಿರುವಾಗಲೇ ಹಿಸುಕಿ, ಸುಮಾರು 100 ಗ್ರಾಂ ಹಿಟ್ಟು, ಉಪ್ಪು, ಒಂದು ಗುಂಡು ಬೆಣ್ಣೆ. ತಣ್ಣಗಾದ ಆಲೂಗೆ ಹಿಟ್ಟು ಹೆಚ್ಚು ಬೇಕಾಗುತ್ತದೆ, ತಿಂದರೆ ಚಪ್ಪಡಿ. ವಾಯವ್ಯದ ಲೀಟ್ರಿಮ್, ಕ್ಯಾವನ್ ಕಡೆ ಹಸಿ ಆಲೂ ತುರಿದು ಬಟ್ಟೆಯಲ್ಲಿ ಹಿಂಡಿ, ಬೆಂದ ಆಲೂ ಮತ್ತು ಹಿಟ್ಟು ಕೂಡಿಸಿ ಮಾಡುವ 'ಬಾಕ್ಸ್ಟಿ' ಇದೆ. ಹಿಂಡಿದ ನೀರನ್ನು ಚೆಲ್ಲಬಾರದು. ಅದರ ತಳದಲ್ಲಿ ಕೂರುವ ಬಿಳಿ ಗಂಜಿಯನ್ನು ವಾಪಸು ಸೇರಿಸಿದರೇ ಅದು ಬಿಡಿಯಾಗದೆ ನಿಲ್ಲುವುದು.

ಓಟ್ಸ್ ರೊಟ್ಟಿಯದು ಬೇರೆಯೇ ದಾರಿ. ತರಿಯಾದ ಓಟ್ಸ್ ಹಿಟ್ಟಿಗೆ ಕರಗಿದ ಕೊಬ್ಬು, ಉಪ್ಪು, ಕುದಿನೀರು. ತೆಳುವಾಗಿ ತಟ್ಟಿ ಹೆಂಚಿನ ಮೇಲೆ ಒಂದೇ ಬದಿ ಗಟ್ಟಿಯಾಗಿಸಿ, ಆಮೇಲೆ ಬೆಂಕಿಯ ಎದುರಿಗೆ 'ಹಾರ್ನನ್' ಎಂಬ ಕಬ್ಬಿಣದ ಒರಗುಪಟ್ಟಿಗೆ ನಿಲ್ಲಿಸುತ್ತಿದ್ದರು. ಬೇಯಿಸುವುದಲ್ಲ, ಗಂಟೆಗಟ್ಟಲೆ ಒಣಗಿಸುವುದು. ಹೀಗೆ ಒಣಗಿದ್ದು ವಾರಗಳ ಕಾಲ ಕೆಡದು, ಅಮೆರಿಕಕ್ಕೆ ಹಡಗು ಹತ್ತಿದವರು ಗಂಟಿನಲ್ಲಿ ಕಟ್ಟಿಕೊಂಡದ್ದು ಇದನ್ನೇ.

1937ರಿಂದ 1939ರ ನಡುವೆ ಐರಿಷ್ ಜಾನಪದ ಆಯೋಗ ಸುಮಾರು 5,000 ಪ್ರಾಥಮಿಕ ಶಾಲೆಗಳ ಮಕ್ಕಳಿಂದ ಮನೆಯ ಹಿರಿಯರನ್ನು ಕೇಳಿಸಿ ಬರೆಸಿದ ಸಂಗ್ರಹದಲ್ಲಿ ಬ್ರೆಡ್ ಕೂಡ ಒಂದು ವಿಷಯ. ಆ ಮಕ್ಕಳ ಮನೆಗಳಲ್ಲಿ ನೆಲದೊಲೆ ಇನ್ನೂ ಉರಿಯುತ್ತಿದ್ದ ಕಾಲ ಅದು. 1946ರ ನವೆಂಬರ್‌ನಲ್ಲಿ ಡಬ್ಲಿನ್ ಕೌಂಟಿಯ ಉತ್ತರದ ಕಿಲ್‌ಸಲಹನ್‌ನಲ್ಲಿ ಗ್ರಾಮೀಣ ವಿದ್ಯುತ್ ಯೋಜನೆಯ ಮೊದಲ ಕಂಬ ನೆಟ್ಟರು. ಅದಕ್ಕೂ ಮುಂಚೆಯೇ ಹಲವು ಮನೆಗೆ ಒಳಗೇ ಬೇಯಿಸುವ ಗೂಡಿರುವ ಕಬ್ಬಿಣದ ರೇಂಜ್ ಒಲೆ ಬಂದಿತ್ತು, ಕಂಬ ಬಂದ ಮೇಲೆ ಬ್ಯಾಸ್ಟಿಬಲ್ ಅಂಗಳಕ್ಕೆ ಹೋಗಿ ಹೂಕುಂಡವಾಯಿತು. ಈಗ ಇದನ್ನು ಕಣ್ಣಾರೆ ನೋಡಬೇಕೆಂದರೆ ಬೆಲ್‌ಫಾಸ್ಟ್ ಹತ್ತಿರ ಕಲ್ಟ್ರಾದ ಅಲ್ಸ್ಟರ್ ಜಾನಪದ ಮ್ಯೂಸಿಯಂ, ಕಿಲಾರ್ನಿಯ ಮಕ್‌ರಾಸ್ ಸಾಂಪ್ರದಾಯಿಕ ಹೊಲಮನೆಗಳು ಇವೆ. ಇಂಧನದ ಕಥೆಯೂ ಬದಲಾಗಿದೆ: ಐರ್ಲೆಂಡಿನ ಸರ್ಕಾರಿ ಸಂಸ್ಥೆ 'ಬೋರ್ಡ್ ನ ಮೋನ' 2021ರಲ್ಲಿ ಪೀಟ್, ಅಂದರೆ ಟರ್ಫ್, ತೆಗೆಯುವುದನ್ನು ಕೊನೆಗೊಳಿಸಿತು.

ಉಪನ್ಯಾಸದ ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದೆ.

ನಮ್ಮ ಮಜ್ಜಿಗೆ ಆಗುತ್ತದೆಯೇ? ಕುಡಿಯಲು ನೀರು ಬೆರೆಸಿದ ಮಜ್ಜಿಗೆ ಆಗದು, ಹುಳಿ ಸಾಲುವುದಿಲ್ಲ, ಸೋಡಾ ಉಳಿದು ಸೋಪಾಗುತ್ತದೆ. ಎರಡು ದಿನದ ಹುಳಿ ಮೊಸರು ಮುಕ್ಕಾಲು ಪಾಲು, ನೀರು ಕಾಲು ಪಾಲು ಕಡೆದುಕೊಳ್ಳಿ. ಚಪಾತಿ ಹಿಟ್ಟು ಬಳಸುವುದಾದರೆ ಅರ್ಧ ಮೈದಾ ಬೆರೆಸಿ, ದ್ರವ 50 ಮಿ.ಲೀ. ಹೆಚ್ಚು ಹಿಡಿಯುತ್ತದೆ.

ಗ್ಯಾಸ್ ಒಲೆಯ ಮೇಲೆ ಮಾಡಬಹುದೇ? ಫಾರ್ಲ್ ಮಾಡಬಹುದು, ದಪ್ಪ ಹೆಂಚಿದ್ದರೆ ತೊಂದರೆಯೇ ಇಲ್ಲ. ದುಂಡು ಕೇಕಿಗೆ ಮುಚ್ಚಳದ ಮೇಲೆ ಕೆಂಡ ಬೇಕೇ ಬೇಕು. ಟರ್ಫ್ ಇಲ್ಲದಿದ್ದರೆ ಇದ್ದಿಲಾದರೂ ಆದೀತು, ತೆಂಗಿನ ಚಿಪ್ಪಿನ ಕೆಂಡ ಕಾವು ಜೋರು, ಆದ್ದರಿಂದ ಅರ್ಧದಷ್ಟೇ ಇಡಿ. ಇದ್ದಿಲಿನ ಕೆಲಸ ಮನೆಯ ಒಳಗೆ ಬೇಡ, ಅಂಗಳದಲ್ಲಿರಲಿ. ಕಾದ ಬೀಡಿನ ಪಾತ್ರೆಗೆ ತಣ್ಣೀರು ಹಾಕಬೇಡಿ, ಬಿರುಕು ಬಿಡುತ್ತದೆ.